ಬಯಲುಸೀಮೆಗೆ ಬಂದ ಆದೇಶಗಳು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಒಂದು ಬಂಡೆಗೆ ಸುತ್ತಲಿನವರು ಅಕ್ಷರಗುಂಡು ಎನ್ನುತ್ತಿದ್ದರು. ಅದರ ಮೇಲಿರುವುದು ಅಶೋಕನ ಶಾಸನವೆಂದು 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದರು. ಒಕ್ಕಣೆ ಥೇಟ್ ಸರ್ಕಾರಿ ಪತ್ರದ್ದೇ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳ ಆರೋಗ್ಯ ವಿಚಾರಿಸಿ, ಆಮೇಲೆ ಚಕ್ರವರ್ತಿಯ ಆದೇಶ ತಿಳಿಸುತ್ತಾನೆ. ಕೊನೆಯಲ್ಲಿ ಬರೆದವನ ರುಜು: ಚಪಡ. ತಾನು ಲಿಪಿಕಾರನೆಂಬುದನ್ನು ಮಾತ್ರ ಆತ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.

ಇದೇ ಆದೇಶದ ಪ್ರತಿಗಳು ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇವೆ. ಬೆಟ್ಟದ ಮೇಲಿನದು ಬಳೆಗಾರಗುಂಡು. ಜಾತ್ರೆಯಲ್ಲಿ ಬಳೆಗಾರರು ಶಾಸನದ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಅಕ್ಷರಗಳು ಬಹುಪಾಲು ಸವೆದಿವೆ.

ಮೌರ್ಯರು ಬರುವ ಮೊದಲೂ ಇಲ್ಲಿ ಜನರಿದ್ದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಕೆಳಗಿನ ಪದರದಲ್ಲಿ ನಯಗೊಳಿಸಿದ ಕಲ್ಲುಕೊಡಲಿಗಳು ಸಿಕ್ಕವು. ಮೇಲಿನ ಪದರದಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ದೊರೆತಂಥದೇ ಮಡಕೆ ಚೂರುಗಳಿದ್ದವು.

ಮೊಳಕಾಲ್ಮುರು, ಪಕ್ಕದ ಚಳ್ಳಕೆರೆ ಎರಡೂ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಬಿದ್ದರೆ ಅದೇ ಪುಣ್ಯ. ವೇದಾವತಿ ನದಿ ಹರಿಯುವುದೂ ಅಪರೂಪ. ಹಾಗಾಗಿ ಶೇಂಗಾ, ಕುರಿ, ಕಂಬಳಿ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು ಎದ್ದವು, ಮೊಳಕಾಲ್ಮುರಿನಲ್ಲಿ ಮಗ್ಗಗಳು. ಅಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ.

ಗಡಿ ಎಂಬುದು ಇಲ್ಲಿ ಹಳೆಯ ನಂಟು. ಚಳ್ಳಕೆರೆ ಪಕ್ಕದ ದೊಡ್ಡೇರಿಯಲ್ಲಿ 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಮೊಘಲ್ ಸರದಾರ ಕಾಸಿಂ ಖಾನನನ್ನು ಕೋಟೆಯೊಳಗೆ ಸಿಕ್ಕಿಸಿದ. ಖಾನ ಅಲ್ಲೇ ಪ್ರಾಣಬಿಟ್ಟ. ಮುಂದೆ ಈ ಸೀಮೆ ಮೈಸೂರು ಸಂಸ್ಥಾನದ ಉತ್ತರದ ಅಂಚಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರುವವರೆಗೂ ಮೊಳಕಾಲ್ಮುರು ದಾಟಿದರೆ ಮದರಾಸು ಆಡಳಿತ. ಇಂದಿಗೂ ಗಡಿಹಳ್ಳಿಗಳಲ್ಲಿ ಕನ್ನಡ, ತೆಲುಗು ಒಂದೇ ಜಗಲಿಯಲ್ಲಿ ಕೂತು ಮಾತಾಡುತ್ತವೆ.

ಮೈಸೂರು ಅರಸರು ಇಲ್ಲಿನ ಹುಲ್ಲುಗಾವಲನ್ನು ಅಮೃತಮಹಲ್ ದನಗಳ ಕಾವಲಾಗಿ ಕಾದಿಟ್ಟರು. ಟಿಪ್ಪುವಿನ ಫಿರಂಗಿಗಳನ್ನು ಎಳೆದದ್ದು ಈ ತಳಿಯ ಎತ್ತುಗಳೇ. ದೇವರೆತ್ತುಗಳನ್ನು ಸಾಕುವ ಮ್ಯಾಸಬೇಡರಿಗೂ ಕುರುಬರಿಗೂ ಕಾವಲೇ ಬದುಕು. ಸರ್ಕಾರಿ ದಾಖಲೆಗೆ ಮಾತ್ರ ಅದು ಖಾಲಿ ಜಾಗ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ 4 ಸಾವಿರಕ್ಕೂ ಹೆಚ್ಚು ಎಕರೆ ಹೋಯಿತು. ಬೇಲಿ ಎದ್ದಾಗ ದನಗಾಹಿಗಳ ತಕರಾರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಬೇಲಿಯೊಳಗೆ 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ಮರುಬಳಕೆ ನೌಕೆ ತಾನಾಗಿ ಬಂದು ರನ್‌ವೇ ಮೇಲಿಳಿಯಿತು.

ಆದೇಶಗಳಿಗೆ ಈ ಸೀಮೆಯಲ್ಲಿ ಎಂದೂ ಬರವಿರಲಿಲ್ಲ, ಬರವಿದ್ದದ್ದು ನೀರಿಗೆ. ಇಲ್ಲಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಸಾವಿರಾರು ಎಕರೆ ಕಾವಲು ಬಿಟ್ಟುಕೊಟ್ಟ ಜನರಿಗೆ ಸರ್ಕಾರಗಳು ಮೊದಲು ತೀರಿಸಬೇಕಾದ ಬಾಕಿ ಈ ನೀರು.