ಬಾಣಂತಿ ಸನ್ನಿಗೆ ಮದ್ದಿದೆ

ಹೆರಿಗೆಯಾಗಿ ನಾಲ್ಕೈದು ದಿನ. ಬಾಣಂತಿಗೆ ರಾತ್ರಿಯಿಡೀ ನಿದ್ದೆಯಿಲ್ಲ, ಆದರೂ ದಣಿವು ಕಾಣದು. ಒಂದೇ ಸಮನೆ ಮಾತಾಡುತ್ತಾಳೆ. ಮರುಗಳಿಗೆಗೆ ಬೆದರಿ ‘ಇದು ನನ್ನ ಕೂಸಲ್ಲ, ಯಾರೋ ಬದಲಾಯಿಸಿದ್ದಾರೆ’ ಎನ್ನುತ್ತಾಳೆ. ಇದೇ ಬಾಣಂತಿ ಸನ್ನಿ. ಶೀತವಾಯಿತು, ಗಾಳಿ ಸೋಕಿತು ಎಂದು ತಾಯತ ಕಟ್ಟಿಸುತ್ತಾ ಕೂತರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುವ ಈ ಸನ್ನಿ ಸೈಕೋಸಿಸ್ ಎಂಬ ತೀವ್ರ ಮನೋರೋಗದ ಒಂದು ರೂಪ. ಬಸುರಿನಲ್ಲಿ ಏರುತ್ತಾ ಹೋದ ಈಸ್ಟ್ರೋಜೆನ್ ಹಾರ್ಮೋನು ಹೆರಿಗೆಯಾದ ಕೆಲವೇ ದಿನಗಳಲ್ಲಿ ಧುತ್ತನೆ ಇಳಿಯುತ್ತದೆ. ಮೆದುಳಿನ ಡೋಪಮೈನ್ ಇದರ ಪ್ರಭಾವಕ್ಕೆ ಒಳಗಾಗುವ ರಾಸಾಯನಿಕ. ಆದರೆ ಈ ಇಳಿತ ಎಲ್ಲ ಬಾಣಂತಿಯರಿಗೂ ಇದ್ದದ್ದೇ. ಸನ್ನಿ ಮಾತ್ರ ಕೆಲವರಿಗೇ ಏಕೆ? ಇಲ್ಲಿ ವಂಶವಾಹಿಗಳ ಪಾತ್ರವಿದೆ. ಹಿಂದೆ ಬೈಪೋಲಾರ್ ಕಾಯಿಲೆ ಬಂದಿದ್ದವರಿಗೆ, ತಾಯಿಗೋ ಅಕ್ಕತಂಗಿಯರಿಗೋ ಸನ್ನಿಯಾಗಿದ್ದವರಿಗೆ ಅಪಾಯ ಹೆಚ್ಚು.

ಈಸ್ಟ್ರೋಜೆನ್ನಿನ ನಂಟು ಸೈಕೋಸಿಸ್‌ನ ಇನ್ನೊಂದು ರೂಪವಾದ ಸ್ಕಿಜೋಫ್ರೇನಿಯಾದಲ್ಲೂ ಕಾಣುತ್ತದೆ. ಅಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸವಿದೆ. ಗಂಡಸರಲ್ಲಿ ಅದು ಹೆಚ್ಚಾಗಿ ಹದಿಹರೆಯದ ಕೊನೆಯಿಂದ 25ರ ಆಸುಪಾಸಿನೊಳಗೆ ಶುರುವಾಗುತ್ತದೆ. ಹೆಂಗಸರಲ್ಲಿ ಕೆಲವು ವರ್ಷ ತಡ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮತ್ತೊಮ್ಮೆ ಏರಿಕೆ. ಅಲ್ಲಿಯವರೆಗೆ ಈಸ್ಟ್ರೋಜೆನ್ ಒಂದಿಷ್ಟು ಕಾಯುತ್ತದೆ ಎಂಬುದು ಅನೇಕ ಸಂಶೋಧಕರ ವಿವರಣೆ.

ಈ ಕಾಯಿಲೆಗಳಲ್ಲಿ ವಂಶವಾಹಿಗಳ ಪಾತ್ರವಿದೆ ಎಂದಮಾತ್ರಕ್ಕೆ ‘ಆ ಮನೆತನದಲ್ಲೇ ಹುಚ್ಚಿದೆ’ ಎಂದು ಹೆಣ್ಣು-ಗಂಡಿನ ಸಂಬಂಧ ಮುರಿಯುವುದು ಅನ್ಯಾಯ. ಸ್ಕಿಜೋಫ್ರೇನಿಯಾಕ್ಕೆ ನಂಟಿರುವ 287 ತಾಣಗಳನ್ನು 2022ರ ದೊಡ್ಡ ಅಧ್ಯಯನವೊಂದು ನಮ್ಮ ವಂಶವಾಹಿಗಳ ಭಂಡಾರದಲ್ಲಿ ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ತಾಯಿಗೋ ತಂದೆಗೋ ಈ ಕಾಯಿಲೆ ಇದ್ದರೂ 100 ಮಕ್ಕಳಲ್ಲಿ ಸುಮಾರು 90 ಮಂದಿಗೆ ಅದು ಬರುವುದಿಲ್ಲ.

ಬಾಣಂತಿ ಸನ್ನಿ ಬೇಗ ಚಿಕಿತ್ಸೆ ಸಿಕ್ಕರೆ ಬಹುತೇಕ ಪೂರ್ತಿ ವಾಸಿಯಾಗುತ್ತದೆ. ತಾಯಿ-ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಿಶೇಷ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೇ ಇದೆ. ಮೊದಲ ಹೆಜ್ಜೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ತಾಲ್ಲೂಕು ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೋ ತಡಮಾಡದೆ ಕರೆದೊಯ್ಯಲಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಬಂದಿದ್ದರೆ, ತಾಯಿ ಕಾರ್ಡ್ ಮಾಡಿಸುವಾಗಲೇ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಮುಚ್ಚಿಡದೆ ಹೇಳಿ. ಸನ್ನಿಯ ಲಕ್ಷಣ ಕಂಡ ಬಾಣಂತಿಯ ಜೊತೆ ಸದಾ ಒಬ್ಬರಿರಲಿ, ಮಗುವಿನೊಂದಿಗೆ ಅವಳೊಬ್ಬಳನ್ನೇ ಬಿಡಬೇಡಿ. ಅಂದೇ ವೈದ್ಯರಿಗೆ ತೋರಿಸಿ.