ಕೈಕೆಲಸದ ಹಳೇ ಚಾಕು: ಯಾವ ದೋಷಕ್ಕೆ ಮದ್ದಿದೆ?

ಜಪಾನಿನ ಕಮ್ಮಾರರು ಕೈಯಾರೆ ಬಡಿದ ಗ್ಯೂಟೊ ಎಂಬ ಅಡುಗೆ ಚಾಕು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ತಾ? ದುಡ್ಡು ಕೊಡೋ ಮೊದಲು ಅದರ ಬಾಯನ್ನು ಸಮತಟ್ಟಾದ ಹಲಗೆ ಮೇಲಿಟ್ಟು, ಹಿಂದಿನಿಂದ ಟಾರ್ಚ್ ಹಾಕಿ. ಹಿಡಿಯನ್ನು ಮೆಲ್ಲಗೆ ಏರಿಸಿ, ಇಳಿಸಿ. ಹಲಗೆಗೆ ತಾಗಬೇಕಾದ ಕಡೆ ಬೆಳಕು ನುಸುಳಿದರೆ ಅಲ್ಲಿ ಉಕ್ಕು ಹೆಚ್ಚು ಸವೆದಿದೆ. ಅಂಥ ಚಾಕುವಿನಲ್ಲಿ ಈರುಳ್ಳಿ ಹೆಚ್ಚಿದರೆ ಹೋಳುಗಳು ಬಿಡದೆ ಸರದ ಹಾಗೆ ಅಂಟಿಕೊಂಡೇ ಇರುತ್ತವೆ. ಚಿಕ್ಕ ತಗ್ಗು ಸಾಣೆಕಲ್ಲಿನಲ್ಲಿ ಸರಿಹೋಗುತ್ತೆ. ದೊಡ್ಡದಾದರೆ ಅಲಗಿನ ಅಗಲವೇ ಕರಗುತ್ತೆ.

ಹಿಡಿಯ ಸಂದಿಗೆ ಎಪಾಕ್ಸಿ ಅಂಟು ಸಾಕು. ಅಲಗು ಸೊಟ್ಟಗಿದ್ದರೆ ನೀವೇ ಬಗ್ಗಿಸಲು ಹೋಗಬೇಡಿ, ಒಳಗಿನ ಗಡಸು ಉಕ್ಕು ಪಟ್ಟನೆ ಮುರಿದೀತು, ನುರಿತವರಿಗೆ ಕೊಡಿ. ಸುತ್ತಿಗೆಯ ಗುರುತು, ಕುಲುಮೆಯ ಕಪ್ಪು ದೋಷವೇ ಅಲ್ಲ, ನನಗಂತೂ ಅದೇ ಚೆಂದ. ಆದರೆ ಬಾಯಲ್ಲಿ ಕೂದಲೆಳೆಯ ಬಿರುಕು ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.