ಎಚ್ಚರವಿದ್ದರೂ ಏಳದ ಮೈ

ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವ ನಮ್ಮಂಥ ನರ್ಸುಗಳಲ್ಲಿ ಇದನ್ನು ಅನುಭವಿಸಿದವರು ಬಹಳ ಮಂದಿ, ಬಾಯಿಬಿಟ್ಟು ಹೇಳುವವರು ಕಡಿಮೆ. ಕಣ್ಣು ತೆರೆದಿರುತ್ತದೆ. ತಿರುಗುವ ಫ್ಯಾನು, ಬಾಗಿಲ ಮೊಳೆಗೆ ತೂಗುಹಾಕಿದ ಯೂನಿಫಾರ್ಮು, ಹಾಸ್ಟೆಲಿನ ನಲ್ಲಿಯಡಿ ಬಕೆಟ್ ತುಂಬುವ ಸದ್ದು, ಎಲ್ಲವೂ ಸ್ಪಷ್ಟ. ಕೈ ಎತ್ತಲು ಹೋದರೆ ಬರುವುದಿಲ್ಲ, ಕೂಗಲು ಹೋದರೆ ದನಿ ಹೊರಡುವುದಿಲ್ಲ. ಎದೆಯ ಮೇಲೆ ಯಾರೋ ಕೂತಷ್ಟು ಭಾರ. ಮಂಚದ ಕಾಲ್ದೆಸೆಯಲ್ಲಿ ಯಾರೋ ನಿಂತಿದ್ದಾರೆ ಎಂದು ಕೆಲವು ಸಲ ಖಚಿತವಾಗಿ ಅನಿಸುತ್ತದೆ. ಮುಖ ಮಾತ್ರ ಕಾಣುವುದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ವಿಷಯ ಕೇಳಿದ್ದೇ ಅಮ್ಮ ದಿಂಬಿನಡಿ ಕತ್ತಿ ಇಟ್ಟು, ದೃಷ್ಟಿ ತೆಗೆದು, "ಅಂಗಾತ ಮಲಗ್ಬೇಡ ಮಾರಾಯ್ತಿ, ಮಗ್ಗುಲಾಗಿ ಮಲಗು" ಅಂದಳು. ಅವಳ ಆ ಕೊನೆಯ ಮಾತು ನೂರಕ್ಕೆ ನೂರು ಸರಿ. ಅಂಗಾತ ಮಲಗಿದಾಗಲೇ ಈ ತೊಂದರೆ ಹೆಚ್ಚು ಎಂದು ವೈದ್ಯರೂ ಹೇಳುತ್ತಾರೆ.

ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಎಂದು ಹೆಸರು. 1664ರಲ್ಲೇ ಡಚ್ ವೈದ್ಯ ಡೀಮರ್‌ಬ್ರೂಕ್, ರಾತ್ರಿ ದೆವ್ವ ತನ್ನನ್ನು ಅದುಮಿ ಹಿಡಿಯುತ್ತದೆ ಎನ್ನುತ್ತಿದ್ದ ಐವತ್ತರ ಹೆಂಗಸೊಬ್ಬಳ ವಿಷಯ ಬರೆದಿಟ್ಟಿದ್ದಾನೆ. ಜಪಾನಿನವರು ಇದನ್ನು ಕನಾಶಿಬಾರಿ ಎನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ ಎದೆಯ ಮೇಲೆ ಕೂರುವವಳು ಒಬ್ಬ ಮುದುಕಿ. ಊರಿಗೊಂದು ವೇಷ, ಆದರೆ ಎಲ್ಲ ಕಡೆಯೂ ಭಾರ ಎದೆಯ ಮೇಲೆಯೇ. ಅದಕ್ಕೆ ಕಾರಣ ಮೈಯೊಳಗೇ ಇದೆ.

ಕನಸು ದಟ್ಟವಾಗಿ ಬೀಳುವ ಹಂತದಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚಕಚಕನೆ ಓಡಾಡುತ್ತವೆ. ಷಿಕಾಗೊದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಇದನ್ನು ಪ್ರಕಟಿಸಿದರು. ಇದೇ ರೆಮ್ ನಿದ್ರೆ. ಕನಸಿನಲ್ಲಿ ಓಡಿದಂತೆ ನಾವು ನಿಜಕ್ಕೂ ಎದ್ದು ಓಡದಿರಲೆಂದು ಮಿದುಳಿನ ಕಾಂಡ ಆಗ ಸ್ನಾಯುಗಳನ್ನು ಸಡಿಲ ಬಿಡಿಸಿರುತ್ತದೆ. ಆ ಸ್ಥಿತಿ ಮುಗಿಯುವ ಮೊದಲೇ ಎಚ್ಚರವಾದರೆ ಮೈ ಅಲುಗದು, ಕನಸಿನ ಚೂರುಗಳು ಕೋಣೆಯೊಳಗೇ ಕಾಣಿಸುತ್ತವೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಸಡಿಲವಾಗಿರುವುದರಿಂದ ಬೇಕೆಂದು ದೀರ್ಘ ಉಸಿರು ಎಳೆಯಲಾಗುವುದಿಲ್ಲ. ಉಸಿರು ಕಟ್ಟಿತೆಂಬ ದಿಗಿಲು ಹುಟ್ಟುವುದು ಅಲ್ಲೇ. ಆದರೆ ವಪೆ ತನ್ನ ಕೆಲಸ ನಿಲ್ಲಿಸಿರುವುದಿಲ್ಲ, ಉಸಿರು ನಡೆದೇ ಇರುತ್ತದೆ. ಕೆಲವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ತಾನಾಗಿ ಬಿಡುತ್ತದೆ.

2011ರಲ್ಲಿ ಹಲವು ಸಮೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಾಮಾನ್ಯ ಜನರಲ್ಲಿ ಶೇ 7.6ರಷ್ಟು, ವಿದ್ಯಾರ್ಥಿಗಳಲ್ಲಿ ಶೇ 28ರಷ್ಟು ಮಂದಿ ಒಮ್ಮೆಯಾದರೂ ಇದನ್ನು ಕಂಡವರು. ಇಷ್ಟು ಜನರಿಗೆ ಆಗುವುದನ್ನು ಗಾಳಿ ಸೋಕಿದೆ ಎಂದು ಗುಟ್ಟಾಗಿಡುವುದು, ಅದರಲ್ಲೂ ಹೆಣ್ಣುಮಕ್ಕಳನ್ನು ಮಂತ್ರವಾದಿಯ ಮುಂದೆ ಕೂರಿಸುವುದು ನನಗೆ ಸಂಕಟ ತರುತ್ತದೆ. ಹೆದರಿಕೆಯೇ ಆ ಗಳಿಗೆಯನ್ನು ಇನ್ನಷ್ಟು ಘೋರ ಮಾಡುವುದು.

ಬಲಂದ್ ಜಲಾಲ್ ಎಂಬ ಸಂಶೋಧಕರು 2016ರಲ್ಲಿ ಸೂಚಿಸಿದ ಕ್ರಮ ನನಗೆ ಒಗ್ಗಿದೆ. ಇದು ಏನೆಂದು ಮೊದಲು ಮನಸ್ಸಿಗೆ ಹೇಳಿಕೊಳ್ಳಬೇಕು, ಹೆದರಲು ಕಾರಣವಿಲ್ಲವೆಂದು ದೂರ ನಿಂತು ನೋಡಬೇಕು, ಹಿತವಾದ ಒಂದೇ ಸಂಗತಿಯ ಮೇಲೆ ಗಮನ ಇಡಬೇಕು, ಮೈಯನ್ನು ಅಲುಗಿಸಲು ಹೆಣಗದೆ ಹಾಗೇ ಬಿಡಬೇಕು. ನಾನು ಕಣ್ಣು ಮುಚ್ಚಿ ಅಮ್ಮ ಅಡಿಕೆ ಸುಲಿಯುವುದನ್ನು ನೆನೆಯುತ್ತೇನೆ. ಹಸಿ ಅಡಿಕೆ ಮೆಟ್ಟುಗತ್ತಿಗೆ ತಾಗುತ್ತದೆ, ಸಿಪ್ಪೆ ಬಿರಿಯುತ್ತದೆ, ಅವಳ ಹೆಬ್ಬೆರಳು ಒಳಗಿನ ಅಡಿಕೆಯನ್ನು ಬಿಡಿಸಿ ಬುಟ್ಟಿಗೆ ಹಾಕುತ್ತದೆ. ಮತ್ತೊಂದು. ಇನ್ನೊಂದು. ಎದೆಯ ಮೇಲಿನ ಭಾರ ಅಷ್ಟರಲ್ಲಿ ಇಳಿದಿರುತ್ತದೆ. ರೂಮಿನ ಹುಡುಗಿಗೂ ಹೇಳಿಟ್ಟಿದ್ದೇನೆ: ನಾನು ವಿಚಿತ್ರವಾಗಿ ನರಳಿದರೆ ಭುಜ ಮುಟ್ಟಿ ಹೆಸರು ಕೂಗು. ಮುಟ್ಟಿದರೆ ಎಷ್ಟೋ ಸಲ ಅಲ್ಲಿಗೇ ಬಿಡುತ್ತದೆ.

ನಿದ್ದೆಗೆಡುವುದು ಇದರ ದೊಡ್ಡ ಕಾರಣ. ಪಾಳಿ ಪದೇ ಪದೇ ಬದಲಾದ ವಾರಗಳಲ್ಲೇ ನನಗೆ ಇದು ಹೆಚ್ಚು. ಪದೇ ಪದೇ ಆಗುತ್ತಿದ್ದರೆ, ಹಗಲು ತಡೆಯಲಾರದ ನಿದ್ದೆ ಬರುತ್ತಿದ್ದರೆ, ಜೋರಾಗಿ ನಕ್ಕಾಗ ಮಂಡಿ ಕುಸಿಯುತ್ತಿದ್ದರೆ ಅದು ನಾರ್ಕೊಲೆಪ್ಸಿ ಇರಬಹುದು. ನರರೋಗ ತಜ್ಞರಿಗೆ ತೋರಿಸಲೇಬೇಕು. ಹೋಗುವಾಗ ಡ್ಯೂಟಿ ಚಾರ್ಟನ್ನೂ ಒಯ್ಯಿರಿ. ಯಾವ ವಾರ ಯಾವ ಪಾಳಿ, ಎಷ್ಟು ಹೊತ್ತು ನಿದ್ದೆ ಎಂಬುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ.